ರಿಜಿಸ್ಟರ್ ಆಗಿರೋ ಕಪ್ಪು

ಆ ಪ್ರೆಸ್ಸಿನಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿತ್ತು. ಆರ್ಟಿಸ್ಟನಿಗೆ ಮಾತ್ರ ಒಂದು ಸಂಬಂಧವಿತ್ತು. ಅವನು ಯಜಮಾನರ ಹೆಂಡತಿಯ ತಮ್ಮ. ಒಂದು ವರ್ಷದ ಡಿಸೈನ್ ಕೋರ್ಸಿಗೆ ಸೇರಿ ಏಳೇ ತಿಂಗಳಲ್ಲಿ ಹೊರಬಂದಿದ್ದ. ಉಳಿದ ಐದು ತಿಂಗಳಲ್ಲಿ ತನಗೆ ಕಲಿಸುವುದಕ್ಕೆ ಅವರ ಹತ್ತಿರ ಏನೂ ಉಳಿದಿರಲಿಲ್ಲ ಎಂದು ಅವನೇ ಹೇಳುತ್ತಿದ್ದ. ಬಂದ ದಿನವೇ ಯಜಮಾನರು ಅವನಿಗೆ ಗಾಜಿನ ಕೋಣೆ, ತಿರುಗುವ ಕುರ್ಚಿ, ಮೇಜಿನಷ್ಟಗಲದ ಪರದೆ ಎಲ್ಲ ಕೊಟ್ಟರು. ಇಷ್ಟೆಲ್ಲ ಕೊಟ್ಟ ಮೇಲೆ ಕೆಲಸವನ್ನೂ ಕೊಡದಿದ್ದರೆ ಮನೆಯಲ್ಲಿ ಮಾತು ಬರುತ್ತದೆಂದು, ಬಣ್ಣದ ಪುಸ್ತಕ, ಕ್ಯಾಟಲಾಗು ಏನೇ ಬಂದರೂ ಇನ್ನು ಮೇಲೆ ವಿನ್ಯಾಸ ಅವನದೇ ಎಂದು ಘೋಷಿಸಿದರು.

ಅವನ ಗಾಜಿನ ಗೋಡೆಯ ಹೊರಗೆ, ಜೆರಾಕ್ಸ್ ಮೆಷಿನ್ನಿಗೂ ನೀರಿನ ಕ್ಯಾನಿಗೂ ನಡುವೆ ಉಳಿದ ಜಾಗದಲ್ಲಿ ಪಿಸು ಕೂರುತ್ತಿದ್ದಳು. ಪಿಸು ಅವಳ ನಿಜವಾದ ಹೆಸರಲ್ಲ. ಮಾತಾಡುವುದೇ ಅಪರೂಪ, ಆಡಿದರೂ ದನಿ ಪಿಸುಮಾತಿನಿಂದ ಮೇಲೇರುತ್ತಿರಲಿಲ್ಲವಾದ್ದರಿಂದ ಬೈಂಡಿಂಗಿನ ಹೆಂಗಸರು ಇಟ್ಟ ಹೆಸರು ಅದು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ಗಣಿತದಲ್ಲಿ ನೂರಕ್ಕೆ ಹನ್ನೊಂದು ಬಂದ ಅವಳ ಉತ್ತರಪತ್ರಿಕೆಯನ್ನು ಮೇಷ್ಟ್ರು ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು. ಮರುದಿನ ಅವಳು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಒಂದು ತಿಂಗಳಾದ ಮೇಲೆ ಮನೆಯವರು ಕೇಳುವುದನ್ನೂ ಬಿಟ್ಟರು. ಸೋದರಮಾವ ಇದೇ ಪ್ರೆಸ್ಸಿನಲ್ಲಿ ನಾಲ್ಕು ಬಣ್ಣದ ಮೆಷಿನ್ ಓಡಿಸುತ್ತಿದ್ದ. ಅವನೇ ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದ.

ಈಗ ಐದು ವರ್ಷವಾಗಿತ್ತು. ಆರ್ಟಿಸ್ಟ್ ಮಾಡಿಕೊಟ್ಟ ಪುಟಗಳನ್ನು ದೊಡ್ಡ ಹಾಳೆಯ ಮೇಲೆ ಕ್ರಮವಾಗಿ ಜೋಡಿಸಿ, ಅಚ್ಚು ಮೂಡಿಸುವ ಪ್ಲೇಟಿಗೆ ಕಳಿಸುವುದು ಅವಳ ಕೆಲಸ. ಜೊತೆಗೆ ಫೋನ್ ಎತ್ತುವುದು, ಗಿರಾಕಿ ಏನು ಹೇಳಿದರೆಂದು ಚೀಟಿಯಲ್ಲಿ ಬರೆದು ಯಜಮಾನರ ಮೇಜಿನ ಮೇಲಿಡುವುದು. ಬಾಯಿ ಬಿಡದವಳ ಕೈಗೆ ಫೋನ್ ಕೊಟ್ಟಿದ್ದು ಯಜಮಾನರ ದೂರದೃಷ್ಟಿ. ಗಿರಾಕಿ ಎಷ್ಟು ಬೈದರೂ ಅವಳು ಎದುರಾಡುವುದಿಲ್ಲ. ಬೈದವರೇ ಸುಸ್ತಾಗಿ ಫೋನ್ ಇಡುತ್ತಾರೆ.

ಪುಟಗಳ ಬಣ್ಣ ಮುಟ್ಟುವ ಅಧಿಕಾರ ಮಾತ್ರ ಅವಳಿಗಿರಲಿಲ್ಲ.

"ನೀನು ಜೋಡ್ಸು, ಅಷ್ಟೇ. ಕಲರ್‌ಗೆ ಕೈ ಹಾಕ್ಬೇಡ. ಅದಕ್ಕೆ ಕಣ್ಣು ಬೇಕು" ಎಂದಿದ್ದ ಆರ್ಟಿಸ್ಟ್. ಹೇಳುವಾಗ ಕೋಣೆಯೊಳಗಿದ್ದರೂ ಕಪ್ಪು ಕನ್ನಡಕ ಹಾಕಿಕೊಂಡಿದ್ದ.

ಬಣ್ಣದ ಮುದ್ರಣದಲ್ಲಿ ಶಾಯಿ ನಾಲ್ಕೇ: ನೀಲಿ, ಕೆಂಪು, ಹಳದಿ, ಕಪ್ಪು. ಪುಸ್ತಕದಲ್ಲಿ ಕಾಣುವ ಬಣ್ಣಗಳೆಲ್ಲ ಈ ನಾಲ್ಕು ಒಂದರ ಮೇಲೊಂದು ಕೂತು ಆಗುವಂಥವು. ಯಾವುದು ಎಷ್ಟು ಬೀಳಬೇಕೆಂಬುದಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕಿ. ಕಂಪ್ಯೂಟರಿನಲ್ಲಿ ಪುಟದ ಯಾವ ಜಾಗದ ಮೇಲೆ ಬಾಣ ಇಟ್ಟರೂ ಆ ನಾಲ್ಕು ಅಂಕಿ ತೋರುತ್ತವೆ. ಕೂಡಿದರೆ, ಆ ಜಾಗದಲ್ಲಿ ಕಾಗದ ಕುಡಿಯಬೇಕಾದ ಒಟ್ಟು ಶಾಯಿ. ಕಾಗದಕ್ಕೂ ಹೊಟ್ಟೆ ಅಂತ ಒಂದಿದೆ. ಮಾವ ಮೆಷಿನ್ನಿನ ಪಕ್ಕದ ಗೋಡೆಗೆ ತನ್ನ ಕೈಬರಹದಲ್ಲೇ ಒಂದು ಹಾಳೆ ಅಂಟಿಸಿದ್ದ: 'ಒಟ್ಟು ಮುನ್ನೂರು ದಾಟಬಾರದು.' ಅದನ್ನು ಓದಿದವಳು ಪಿಸು ಒಬ್ಬಳೇ. ಉಳಿದವರು ಅದರ ಅಂಚಿನಲ್ಲಿ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದರು.

ಆರ್ಟಿಸ್ಟನಿಗೆ ಕಪ್ಪೆಂದರೆ ಪ್ರಾಣ. ಸೋಫಾ ಅಂಗಡಿಯವರ ಕ್ಯಾಟಲಾಗ್ ಅವನ ಕೈಗೆ ಬಂದ ಮೊದಲ ದೊಡ್ಡ ಕೆಲಸ. ಒಂದೊಂದು ಸೋಫಾವನ್ನೂ ಕಡು ಕಪ್ಪು ಹಿನ್ನೆಲೆಯ ಮೇಲೆ ಕೂರಿಸಿದ. ಮನೆಗೆ ಸೋಫಾ ಕೊಳ್ಳಿ ಅನ್ನುತ್ತಿದೆಯೋ, ಸೋಫಾ ತೀರಿಕೊಂಡಿತು ಅನ್ನುತ್ತಿದೆಯೋ ತಿಳಿಯದಂತಿತ್ತು. ಮಾವ ಅಚ್ಚು ಹಾಕಿದ. ಮರುದಿನ ನೋಡಿದರೆ ಹಾಳೆಗಳು ಒಣಗದೆ ಒಂದಕ್ಕೊಂದು ಕಚ್ಚಿಕೊಂಡು, ಇಡೀ ಅಟ್ಟಿ ಇಟ್ಟಿಗೆಯಾಗಿತ್ತು. ಬಿಡಿಸಿದರೆ ಚರ್ ಎನ್ನುತ್ತಿತ್ತು. ಈ ಹಾಳೆಯ ಕಪ್ಪು ಆ ಹಾಳೆಯ ಬೆನ್ನಿಗೆ ಹೋಗಿ, ಇಲ್ಲಿ ಬೆಳ್ಳಗಿನ ಬೊಕ್ಕೆ.

"ಸ್ಕ್ರೀನಲ್ಲಿ ಚೆನ್ನಾಗಿತ್ತು ಭಾವ. ನಮ್ಮ ಪ್ರೂಫಲ್ಲಿ ಇನ್ನೂ ಚೆನ್ನಾಗಿತ್ತು. ಮೆಷಿನ್‌ಗೆ ಹೋದ್ಮೇಲೇ ಕೆಟ್ಟಿದ್ದು" ಎಂದ ಆರ್ಟಿಸ್ಟ್.

"ಇಂಕ್ ಜಾಸ್ತಿ ಬಿದ್ದಿದೆ ಸಾರ್. ಒಣಗ್ತಿಲ್ಲ" ಎಂದ ಮಾವ.

"ಇಂಕ್ ಬಿಡೋನು ನೀನೇ ತಾನೇನಯ್ಯಾ? ಕಮ್ಮಿ ಬಿಡು" ಎಂದರು ಯಜಮಾನರು. ಎಂಥ ಗಂಟನ್ನೂ ಎಳೆದೇ ಬಿಡಿಸುವವರು ಅವರು.

ಕಮ್ಮಿ ಬಿಟ್ಟ. "ಇದು ಕಪ್ಪಾ? ಬೂದಿ" ಎಂದು ಆರ್ಟಿಸ್ಟ್ ಮೂಗು ಮುರಿದ. ಜಾಸ್ತಿ ಬಿಟ್ಟ. ಅಂಟಿತು. ಅಂಟದಿರಲೆಂದು ಹಾಳೆ ಹಾಳೆಯ ನಡುವೆ ಉದುರಿಸುವ ಪುಡಿಯನ್ನು ಹೆಚ್ಚಿಸಿದ. ಹೊಸ ಸೋಫಾಗಳೆಲ್ಲ ಅಟ್ಟದಿಂದ ಈಗಷ್ಟೇ ಇಳಿಸಿದಂತೆ ಕಂಡವು. ಅಂಗಡಿಯವರು ಒಂದು ಹಾಳೆ ತೆಗೆದುಕೊಂಡು ಬೆರಳಿನಿಂದ ಒರೆಸಿ ನೋಡಿದರು, ಬೆರಳನ್ನೂ ನೋಡಿಕೊಂಡರು, ಬೇರೆ ಪ್ರೆಸ್ಸಿಗೆ ಹೋದರು.

ಪ್ರೆಸ್ಸಿನ ಮುಖಕ್ಕೆ ಮಸಿ ಬಿತ್ತು. ಬಳಿದವನು ಯಾರೆಂದು ಹುಡುಕಲು ಯಜಮಾನರು ದೂರ ಹೋಗಲಿಲ್ಲ. ಮನೆಗೆ ಸಂಜೆ ವಾಪಸ್ ಹೋಗಬೇಕಾದವರು ಅವರು.

"ಇಪ್ಪತ್ತೆರಡು ವರ್ಷ ಆಯ್ತು ನೀನು ಬಂದು. ಕೈ ಸೋತಿರುತ್ತೆ, ತಪ್ಪಲ್ಲ" ಎಂದು ಮಾವನನ್ನು ಕರೆದು ಹೇಳಿದರು. "ಮುಂದಿನ ಕೆಲಸಾನೂ ಅಂಟಿದ್ರೆ ನೀನು ಕೆಳಗೆ ಪ್ಯಾಕಿಂಗ್‌ಗೆ ಹೋಗು. ಬೇರೆ ಆಪರೇಟರ್‌ಗೆ ಹೇಳಿಟ್ಟಿದೀನಿ. ಬರೋ ಶುಕ್ರವಾರ ಬೆಳಿಗ್ಗೆ ಬಂದು ಮೆಷಿನ್ ನೋಡ್ತಾನಂತೆ."

ಮಾವ ತಲೆಯಾಡಿಸಿದ. ಮೆಷಿನ್ನಿನ ಹತ್ತಿರ ಹೋಗಿ, ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದ. ಪ್ಯಾಕಿಂಗ್ ಎಂದರೆ ನೆಲಮಾಳಿಗೆ, ಕಂದು ಕಾಗದ, ಸುತಲಿ ದಾರ. ಅಲ್ಲಿ ಕೂತವರಿಗೆ ಮೇಲಿನ ಮೆಷಿನ್ ಓಡುವ ಸದ್ದು ತಲೆಯ ಮೇಲೇ ಕೇಳುತ್ತದೆ. ಪಿಸು ಜೆರಾಕ್ಸ್ ಮೆಷಿನ್ನಿನ ಹಿಂದಿನಿಂದ ಎಲ್ಲ ಕೇಳಿಸಿಕೊಂಡಳು. ಅಂದು ಸಂಜೆ ತನ್ನ ಮನೆಯಲ್ಲಿ ಮಾವ ತಟ್ಟೆಯ ಮುಂದೆ ತುತ್ತೂ ಎತ್ತದೆ ಕೂತಿದ್ದನ್ನು ನೋಡಿ ಅತ್ತೆ ಕೇಳಿದಳು:

"ಏನ್ರೀ, ಅನ್ನದ ಮೇಲೆ ಮುನಿಸಾ, ನನ್ನ ಮೇಲಾ?"

"ಹಲ್ಲು ನೋವು" ಎಂದ ಮಾವ.

"ಹೋಗಿ ತೋರ್ಸಿ ಮತ್ತೆ. ಹೇಗೂ ಆ ಹಲ್ಲಿನ ಡಾಕ್ಟ್ರು ನಿಮ್ಮಲ್ಲಿ ಪುಸ್ತಕ ಮಾಡಿಸ್ತಿದಾರಂತಲ್ಲ."

ನಿಜ. ಮುಂದಿನ ಕೆಲಸ ಅದೇ. ಹಲ್ಲಿನ ಡಾಕ್ಟ್ರು ಮದುವೆಯಾಗದವರು. ಮನೆಯಲ್ಲಿ ಇರುವುದು ಅವರೂ ಒಂದು ಬೆಕ್ಕೂ. ಬೆಕ್ಕಿನ ಹೆಸರು ಮಸಿ. ಉಗುರಿನಿಂದ ಬಾಲದವರೆಗೆ ಒಂದೇ ಕಪ್ಪು. ಹನ್ನೊಂದು ವರ್ಷದಿಂದ ತೆಗೆದ ಅದರ ಫೋಟೋಗಳನ್ನೆಲ್ಲ ಸೇರಿಸಿ ಅರವತ್ತನಾಲ್ಕು ಪುಟದ ಪುಸ್ತಕ, ನಾನೂರು ಪ್ರತಿ. ಹಲ್ಲು ತೋರಿಸಲು ಬಂದವರಿಗೆಲ್ಲ ಒಂದೊಂದು ಕೊಡುವ ಯೋಚನೆ. ಬಾಯಿ ತೆರೆದು ಕೂತವರು ಬೇಡ ಅನ್ನಲಾರರು.

ಕಪ್ಪು ಬೆಕ್ಕಿನ ಪುಸ್ತಕ ತನ್ನ ಕೈಗೆ ಬಂದದ್ದನ್ನು ಕಂಡು ಆರ್ಟಿಸ್ಟ್ ಕಣ್ಣರಳಿಸಿದ. ಕಪ್ಪು ಬೆಕ್ಕಿಗೆ ಎಂಥ ಹಿನ್ನೆಲೆ ಇರಬೇಕು? ಬೇರೆ ಯಾರಾದರೂ ಆಗಿದ್ದರೆ ತಿಳಿ ಬಣ್ಣ ಯಾವುದನ್ನೋ ಹಾಕುತ್ತಿದ್ದರು. ಅವರೆಲ್ಲ ಕೋರ್ಸ್ ಪೂರ್ತಿ ಮುಗಿಸಿದವರು.

ಸೋಮವಾರ ಯಜಮಾನರು ಗಾಜಿನ ಕೋಣೆಗೆ ಬಂದು ಪರದೆ ನೋಡಿದರು. ಬಾಗಿಲು ತೆರೆದೇ ಇತ್ತು.

"ಎಲ್ಲಾ ಕಪ್ಪಗಿದೆಯಲ್ಲೋ. ಆನ್ ಆಗಿದ್ಯಾ?"

"ಆನ್ ಆಗಿದೆ ಭಾವ. ಅದು ಬೆಕ್ಕು. ಇಲ್ಲೇ ಇದೆ ನೋಡಿ ಕಣ್ಣು."

"ಹೂಂ. ಹೋದ ಸಲದ ಥರ ಅಂಟಲ್ಲ ತಾನೆ?"

"ನೋಡಿ ಭಾವ, ಈ ಸಾಫ್ಟ್‌ವೇರಲ್ಲಿ ಕಪ್ಪು ಎರಡು ಕೊಟ್ಟಿದಾರೆ. ಒಂದು ಬರೀ ಬ್ಲ್ಯಾಕ್. ಎಲ್ಲಾರೂ ಹಾಕೋದು ಅದನ್ನೇ. ಇನ್ನೊಂದು ಇಲ್ಲಿ ಕೆಳಗಿದೆ, ಯಾರ ಕಣ್ಣಿಗೂ ಬೀಳಲ್ಲ. ಓದಿ."

ಯಜಮಾನರು ಬಗ್ಗಿ ಅಕ್ಷರ ಕೂಡಿಸಿ ಓದಿದರು. "ರಿಜಿಸ್ಟ್ರೇಷನ್."

"ಹಾಂ! ರಿಜಿಸ್ಟರ್ ಆಗಿರೋ ಕಪ್ಪು. ಒರಿಜಿನಲ್. ನಾನು ಶುರುವಿಂದ್ಲೂ ಇದನ್ನೇ ಹಾಕೋದು."

ಯಜಮಾನರ ಮುಖದಲ್ಲಿ ಗೌರವ ಮೂಡಿತು. ರಿಜಿಸ್ಟರ್ ಆಗದ ಸೈಟೊಂದನ್ನು ಕೊಂಡು ಹದಿನಾಲ್ಕು ವರ್ಷ ಕೋರ್ಟಿಗೆ ಅಲೆದವರು ಅವರು. "ರಿಜಿಸ್ಟರ್ ಆಗಿದ್ರೆ ಆಯ್ತು ಬಿಡು. ಮುಂದೆ ತಕರಾರಿರಲ್ಲ" ಎಂದು ಹೊರಟರು.

ಗಾಜಿನಾಚೆ ಪಿಸುವಿನ ಕೈ ಮೌಸಿನ ಮೇಲೇ ನಿಂತಿತು. ಆ ಪದ ಅವಳಿಗೆ ದಿನದ ಪದ. ಅವಳು ಜೋಡಿಸುವ ಪ್ರತಿ ಹಾಳೆಯ ಅಂಚಿನಲ್ಲೂ, ಕತ್ತರಿಸಿ ಬಿಸಾಡುವ ಜಾಗದಲ್ಲಿ, ಕೂದಲಷ್ಟು ತೆಳ್ಳಗಿನ ಗುರುತುಗಳಿರುತ್ತವೆ. ಒಂದು ಪುಟ್ಟ ವೃತ್ತ, ಅದರ ಮೇಲೊಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ನಾಲ್ಕು ಶಾಯಿಗಳೂ ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ಮಾವ ಮಸೂರ ಹಿಡಿದು ನೋಡುವುದು ಅವುಗಳನ್ನೇ. ಶಾಯಿಗೊಂದರಂತೆ ಇರುವ ನಾಲ್ಕೂ ಪ್ಲೇಟಿನಲ್ಲಿ ಬರಲೇಬೇಕಾದ್ದರಿಂದ ಆ ಗುರುತಿಗೊಂದು ವಿಶೇಷ ಬಣ್ಣ, ನಾಲ್ಕೂ ನೂರು ನೂರು. ಅದಕ್ಕೇ ರಿಜಿಸ್ಟ್ರೇಷನ್ ಅಂತ ಹೆಸರು. ಕೂದಲೆಳೆಯಷ್ಟು ಗೆರೆಗೆಂದು ಇಟ್ಟಿದ್ದ ಬಣ್ಣವನ್ನು ಈ ಮಹಾನುಭಾವ ಅರವತ್ತನಾಲ್ಕು ಪುಟಕ್ಕೆ ಸುರಿದಿದ್ದ.

ಅವಳು ಫೈಲ್ ತೆರೆದು ಹಿನ್ನೆಲೆಯ ಮೇಲೆ ಬಾಣ ಇಟ್ಟಳು. ನೂರು, ನೂರು, ನೂರು, ನೂರು. ನಾನೂರು. ತಾನು ನೂರಕ್ಕೆ ಹನ್ನೊಂದು ತೆಗೆದು ಶಾಲೆ ಬಿಟ್ಟಿದ್ದರೆ, ಇಲ್ಲೊಬ್ಬ ನೂರಕ್ಕೆ ನಾನೂರು ತೆಗೆದು ಗಾಜಿನ ಕೋಣೆಯಲ್ಲಿ ಕೂತಿದ್ದಾನೆ. ಬೆಕ್ಕಿನ ಬೆನ್ನಿನ ಮೇಲೆ ಬಾಣ ಇಟ್ಟಳು: ಮುನ್ನೂರ ಎಪ್ಪತ್ತು. 'ಸ್ವಲ್ಪ ರಿಚ್ ಮಾಡಿದೀನಿ' ಎಂದು ಅವನು ಫೋಟೋಗಳನ್ನೂ ಬಿಟ್ಟಿರಲಿಲ್ಲ. ಇದು ಮೆಷಿನ್ನಿಗೆ ಹೋದರೆ ಶುಕ್ರವಾರದೊಳಗೆ ಇಟ್ಟಿಗೆ. ಮಾವ ನೆಲಮಾಳಿಗೆಗೆ.

ಮಂಗಳವಾರ ಅವಳು ಗಾಜಿನ ಬಾಗಿಲಿನಲ್ಲಿ ನಿಂತಳು. ಹೇಳಬೇಕಾದ್ದನ್ನು ಮನೆಯಿಂದ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದಳು. ಆರ್ಟಿಸ್ಟ್ ತಲೆಯೆತ್ತಿದ.

"ಏನು?"

"ಸಾರ್... ಆ ಕಪ್ಪು..."

"ಚೆನ್ನಾಗಿದೆ ಅಲ್ವಾ? ಥ್ಯಾಂಕ್ಸ್. ಬಾಗ್ಲು ಹಾಕ್ಕೊಂಡು ಹೋಗು."

ಅವಳು ಬಾಗಿಲು ಹಾಕಿಕೊಂಡು ಬಂದಳು. ಮಧ್ಯಾಹ್ನ ಮಾವನ ಹತ್ತಿರ ಹೋಗಿ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಮಾವ ಕೈಯ ಶಾಯಿಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ.

"ನಾನೂರಾ?"

"ಹೂಂ."

"ಸೋಫಾದ್ದೂ?"

"ಅದೂ ಅದೇ ಇರ್ಬೇಕು ಮಾವ. ಅದೇ ಕಪ್ಪು ಹಾಕೋದಂತೆ."

ಮಾವನ ಮುಖ ಒಂದು ಕ್ಷಣ ಹಗುರಾಯಿತು. ಹಾಗಾದರೆ ಕೈ ಸೋತಿಲ್ಲ. ಮರುಕ್ಷಣ ಮತ್ತೆ ಬಿಗಿಯಿತು. "ನೀನು ಬಾಯಿ ಹಾಕ್ಬೇಡ ಕಣೇ. ನಾನು ಹೇಳಿದ್ರೆ ತಪ್ಪು ಮುಚ್ಕೊಳ್ಳೋಕೆ ಹೇಳ್ತಾನೆ ಅಂತಾರೆ. ನೀನು ಹೇಳಿದ್ರೆ ಮಾವ ಹೇಳ್ಕೊಟ್ಟ ಅಂತಾರೆ. ನಾನು ಕೆಳಗೆ ಹೋದ್ರೆ ಒಬ್ನೇ ಹೋಗ್ತೀನಿ. ನಿನ್ನ ಕುರ್ಚಿನಾದ್ರೂ ಉಳೀಲಿ."

ಕುರ್ಚಿಯ ಒಂದು ಕಾಲು ಮುರಿದು ವರ್ಷವಾಗಿತ್ತು. ಅದನ್ನು ಉಳಿಸಿಕೊಳ್ಳುವುದಕ್ಕೆ ಮಾವನನ್ನು ಕೊಡುವುದು ಅವಳಿಗೆ ಲಾಭದ ವ್ಯಾಪಾರವಾಗಿ ಕಾಣಲಿಲ್ಲ. ಬುಧವಾರ ಬೆಳಿಗ್ಗೆ ಮೊದಲ ಹಾಳೆಯ ಪ್ಲೇಟು ಹೊರಬಂತು. ಮಾವ ಅದನ್ನು ಮೆಷಿನ್ನಿಗೆ ಕಟ್ಟತೊಡಗಿದ. ಅವಳು ತನಗೆ ಬರುವ ಒಂದೇ ದಾರಿ ಹಿಡಿದಳು. ಒಂದು ಚೀಟಿ ಬರೆದು, ಉಳಿದ ಚೀಟಿಗಳ ಜೊತೆ ಯಜಮಾನರ ಮೇಜಿನ ಮೇಲಿಟ್ಟಳು: 'ಬೆಕ್ಕಿನ ಪುಸ್ತಕ: ನಾನೂರು ಇದೆ. ಮುನ್ನೂರಕ್ಕೆ ಇಳಿಸಿದರೆ ಒಳ್ಳೆಯದು.'

ಇದಕ್ಕಿಂತ ಸ್ಪಷ್ಟವಾಗಿ ಬರೆಯುವುದು ಸಾಧ್ಯವಿಲ್ಲ ಎಂದು ಅವಳಿಗನ್ನಿಸಿತು.

ಯಜಮಾನರು ಚೀಟಿ ಓದಿದರು. ಅವರ ಮೇಜಿನ ಮೇಲೆ ಐದು ವರ್ಷದಿಂದ ಬೀಳುತ್ತಿದ್ದದ್ದು ಗಿರಾಕಿಗಳ ಮಾತೇ ಹೊರತು ಆ ಹುಡುಗಿಯದ್ದಲ್ಲ. ನಾನೂರು ಪ್ರತಿ ಹೇಳಿ, ಕಾಗದ ತರಿಸಿ, ಪ್ಲೇಟು ಮಾಡಿದ ಮೇಲೆ ಈಗ ಮುನ್ನೂರು ಸಾಕಂತೆ! ಹುಬ್ಬು ಗಂಟಿಕ್ಕಿಕೊಂಡು ಫೋನ್ ಎತ್ತಿದರು.

"ಏನ್ ಡಾಕ್ಟ್ರೇ, ಹೀಗ್ ಮಾಡ್ತೀರಾ? ನೂರು ಬೆಕ್ಕು ಈಗ ಬೇಡ ಅಂದ್ರೆ ನಾನೆಲ್ಲಿ ಬಿಡ್ಲಿ?"

ಆ ಕಡೆಯಿಂದ ಏನು ಬಂತೋ ಯಾರಿಗೂ ಕೇಳಿಸಲಿಲ್ಲ. ಆದರೆ ಹದಿನೈದು ನಿಮಿಷದಲ್ಲಿ ಡಾಕ್ಟ್ರೇ ಬಂದರು. ಬಿಳಿ ಕೋಟು ಹಾಗೇ ಇತ್ತು, ಒಂದು ಕೈಗೆ ಗ್ಲೌಸಿತ್ತು, ಇನ್ನೊಂದು ಕೈಯಲ್ಲಿ ಬುಟ್ಟಿ. ಬುಟ್ಟಿಯೊಳಗೆ ಕತ್ತಲೆ ಕೂತಿತ್ತು. ಅದಕ್ಕೆ ಎರಡು ಹಳದಿ ಕಣ್ಣು.

"ಯಾರ್ರೀ ಹೇಳಿದ್ದು ಮುನ್ನೂರು ಅಂತ? ಬೇಗ ಹೇಳಿ, ಕ್ಲಿನಿಕ್ಕಲ್ಲಿ ಒಬ್ಬರು ಬಾಯಿ ತೆಕ್ಕೊಂಡು ಕೂತಿದಾರೆ."

"ನೀವೇ ಹೇಳಿದ್ದು. ಇಲ್ಲಿದೆಯಲ್ಲ ಚೀಟಿ!"

"ನಾನಾ? ನಾನು ಇನ್ನೂ ಐವತ್ತು ಜಾಸ್ತಿ ಕೇಳೋಣ ಅಂತಿದ್ದೆ!"

ಇಬ್ಬರೂ ಚೀಟಿ ಹಿಡಿದುಕೊಂಡು ಹೊರಗೆ ಬಂದರು. ಗಾಜಿನ ಕೋಣೆಯಿಂದ ಆರ್ಟಿಸ್ಟನೂ ಎದ್ದು ಬಂದ. ಬರೆದವಳು ಆಗ ಮೆಷಿನ್ನಿನ ಪಕ್ಕದಲ್ಲಿ ನಿಂತಿದ್ದಳು. ಮೊದಲ ಪ್ರಯೋಗದ ಹಾಳೆಗಳು ಧಡಧಡನೆ ಬೀಳುತ್ತಿದ್ದವು. ನಾಲ್ಕು ಜನ ಅವಳನ್ನು ಸುತ್ತುವರಿದರು. ಬೆಕ್ಕನ್ನು ಸೇರಿಸಿದರೆ ಐದು.

"ಏನೇ ಇದು? ಡಾಕ್ಟ್ರು ಯಾವಾಗ ಫೋನ್ ಮಾಡಿದ್ರು?" ಯಜಮಾನರು ಮೆಷಿನ್ ಸದ್ದಿನ ಮೇಲೆ ಕೂಗಿದರು.

ಅವಳ ತುಟಿ ಅಲ್ಲಾಡಿತು.

"ಏನಂದೆ?"

ಮತ್ತೆ ಅಲ್ಲಾಡಿತು. ಒಬ್ಬರಿಗೂ ಕೇಳಿಸಲಿಲ್ಲ. ಆಗ ಮಾವ ಕೈ ಚಾಚಿ ಕೆಂಪು ಗುಂಡಿ ಒತ್ತಿದ. ಮೆಷಿನ್ ದೊಡ್ಡದಾಗಿ ಉಸಿರುಬಿಟ್ಟು ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಬೆರಳು ಸಿಕ್ಕಿಕೊಂಡಾಗಲೂ ಕೆಲಸ ಮುಗಿಸಿಯೇ ನಿಲ್ಲಿಸಿದವನು ಎಂದು ಪ್ರೆಸ್ಸಿನಲ್ಲಿ ಹೇಳುತ್ತಿದ್ದರು.

"ಯಾಕಯ್ಯಾ ನಿಲ್ಲಿಸ್ದೆ? ಹಾಳೆ ಹಾಳಾಗಲ್ವಾ?"

"ಅವಳೇನೋ ಹೇಳ್ತಿದಾಳೆ ಸಾರ್."

ಬೈಂಡಿಂಗಿನ ಹೆಂಗಸರು ಮಡಚುವುದನ್ನು ಬಿಟ್ಟು ಕತ್ತು ಹೊರಳಿಸಿದರು. ಮೇಷ್ಟ್ರು ಉತ್ತರಪತ್ರಿಕೆ ಎತ್ತಿ ಹಿಡಿದ ದಿನದಂತೆ ಪಿಸುವಿನ ಕಿವಿ ಬಿಸಿಯಾಯಿತು. ಆದರೆ ಮಾವನ ಕೈ ಇನ್ನೂ ಆ ಗುಂಡಿಯ ಮೇಲೇ ಇತ್ತು.

"ಪುಸ್ತಕ ಅಲ್ಲ ಸಾರ್, ಶಾಯಿ" ಎಂದಳು. "ಹಿನ್ನೆಲೇಲಿ ನಾನೂರು ಶಾಯಿ ಇದೆ. ಈ ಕಾಗದ ಮುನ್ನೂರಕ್ಕಿಂತ ಜಾಸ್ತಿ ತಡ್ಕೊಳ್ಳಲ್ಲ. ಸೋಫಾ ಅಂಟಿದ್ದೂ ಅದಕ್ಕೇ. ಮಾವನ ಕೈಯಿಂದ ಅಲ್ಲ."

"ಅಲ್ನೋಡಿ, ಮಾವ ಹೇಳ್ಕೊಟ್ಟಿದಾನೆ!" ಎಂದ ಆರ್ಟಿಸ್ಟ್. "ಭಾವ, ನಾನು ಹಾಕಿರೋದು ಮಾಮೂಲಿ ಕಪ್ಪಲ್ಲ. ರಿಜಿಸ್ಟ್ರೇಷನ್!"

"ಹೌದು, ರಿಜಿಸ್ಟರ್ ಆಗಿದೆ. ನಾನೇ ಓದಿದೀನಿ" ಎಂದು ಯಜಮಾನರು ಸಾಕ್ಷಿ ಹೇಳಿದರು.

ಪಿಸು ಬಗ್ಗಿ ಒಂದು ಒದ್ದೆ ಹಾಳೆಯನ್ನು ಎರಡು ಕೈಯಲ್ಲಿ ಎತ್ತಿದಳು. ಶಾಯಿಯ ತೂಕಕ್ಕೆ ಅದು ಬಟ್ಟೆಯಂತೆ ಬಾಗಿತು. ಅಂಚಿನ ಪುಟ್ಟ ಗುರುತಿನ ಮೇಲೆ ಬೆರಳಿಟ್ಟಳು.

"ರಿಜಿಸ್ಟ್ರೇಷನ್ ಅಂದ್ರೆ ಇದು ಸಾರ್. ನಾಲ್ಕು ಬಣ್ಣ ಸರಿಯಾಗಿ ಕೂತಿದ್ಯಾ ಅಂತ ನೋಡೋ ಗುರುತು. ಆ ಬಣ್ಣ ಇರೋದು ಇದಕ್ಕೆ ಮಾತ್ರ. ನೋಡಿ ಆದ್ಮೇಲೆ ಕತ್ತರಿಸಿ ಬಿಸಾಕ್ತೀವಿ."

ಯಜಮಾನರು ಗುರುತನ್ನು ನೋಡಿದರು. ಹಾಳೆಯ ಉಳಿದ ಕಪ್ಪನ್ನು ನೋಡಿದರು. "ಅಂದ್ರೆ... ಬಿಸಾಕೋ ಜಾಗದ ಬಣ್ಣಾನ..."

"ಪುಸ್ತಕಕ್ಕೆಲ್ಲ ಹಾಕಿದಾರೆ" ಎಂದು ಮಾವ ಮೆಲ್ಲಗೆ ವಾಕ್ಯ ಮುಗಿಸಿಕೊಟ್ಟ.

"ಪ್ರೂಫಲ್ಲಿ ಚೆನ್ನಾಗಿತ್ತು" ಎಂದ ಆರ್ಟಿಸ್ಟ್. ಆದರೆ ಈ ಸಲ ಯಾರ ಮುಖವನ್ನೂ ನೋಡಿ ಹೇಳಲಿಲ್ಲ.

ಡಾಕ್ಟ್ರು ಅಷ್ಟರಲ್ಲಿ ಹಾಳೆಯ ಮೇಲೆ ಬಗ್ಗಿದ್ದರು. "ಅದೆಲ್ಲ ಇರ್ಲಿ. ಇದರಲ್ಲಿ ನನ್ನ ಮಸಿ ಎಲ್ಲಿ?"

"ಇಲ್ಲೇ ಸಾರ್. ಮಲಗಿದೆಯಲ್ಲ" ಎಂದ ಆರ್ಟಿಸ್ಟ್.

"ಇದಾ?"

"ಅಲ್ಲ, ಅದು ದಿಂಬು. ಅದರ ಪಕ್ಕ. ಅಲ್ಲಲ್ಲ, ಅದು ಹಿನ್ನೆಲೆ."

ಡಾಕ್ಟ್ರು ಬುಟ್ಟಿಯನ್ನು ಎತ್ತಿ ಹಾಳೆಯ ಪಕ್ಕ ಹಿಡಿದರು. ಬುಟ್ಟಿಯಲ್ಲಿದ್ದ ಬೆಕ್ಕಿನ ಬೆನ್ನಿನ ಮೇಲೆ ಕಿಟಕಿಯ ಬೆಳಕು ಬಿದ್ದು ಕೂದಲು ಕೂದಲೂ ಕಾಣುತ್ತಿತ್ತು. ಕುತ್ತಿಗೆಯ ಕೆಳಗೆ ಕಂದು, ಕಿವಿಯ ಹತ್ತಿರ ನೀಲಿ. ಹಾಳೆಯಲ್ಲಿದ್ದದ್ದು ಡಾಂಬರು.

"ಹನ್ನೊಂದು ವರ್ಷದ ಫೋಟೋ ಕಣ್ರೀ" ಎಂದರು ಡಾಕ್ಟ್ರು. ಆಮೇಲೆ ಪಿಸುವಿನ ಕಡೆ ತಿರುಗಿದರು. "ಹಲ್ಲಲ್ಲಿ ತೂತಿಗಿಂತ ಜಾಸ್ತಿ ತುಂಬಿದ್ರೆ ಬಾಯಿ ಮುಚ್ಚಕ್ಕಾಗಲ್ಲ. ಅದೇ ತಾನೇನಮ್ಮ ನೀನು ಹೇಳ್ತಿರೋದು?"

ಅವಳು ಹೌದೆಂದು ತಲೆಯಾಡಿಸಿದಳು.

"ಶಾಯಿ ಕಮ್ಮಿ ಮಾಡಿದ್ರೆ ಬೆಕ್ಕು ಕಾಣುತ್ತಾ?"

"ಕಾಣುತ್ತೆ."

ಗಿರಾಕಿಗೆ ಅರ್ಥವಾದದ್ದು ತಮಗೆ ಅರ್ಥವಾಗಲಿಲ್ಲ ಅಂದರೆ ಯಜಮಾನಿಕೆಗೆ ಕುಂದು. "ನಾನೂ ಅದನ್ನೇ ಯೋಚಿಸ್ತಿದ್ದೆ" ಎಂದರು ಯಜಮಾನರು. "ಸರಿ, ನೀನೇ ಮಾಡು. ಆದ್ರೆ ಈ ಸಲ ಅಂಟಿದ್ರೆ ನೀನೂ ನಿನ್ನ ಮಾವನೂ ಇಬ್ಬರೂ ಪ್ಯಾಕಿಂಗ್‌ಗೆ. ಒಟ್ಟಿಗೆ ಹೋಗಿ ಬರೋಕೆ ಅನುಕೂಲ."

ಅವಳು ಗಾಜಿನ ಕೋಣೆಯ ಕುರ್ಚಿಯಲ್ಲಿ ಕೂತಳು. ಕುರ್ಚಿ ತಿರುಗದಂತೆ ಕಾಲನ್ನು ನೆಲಕ್ಕೆ ಒತ್ತಿ ಹಿಡಿದಳು. ಮೊದಲು ಹಿನ್ನೆಲೆ: ಕಪ್ಪು ನೂರೇ ಇರಲಿ, ಅದರ ಕೆಳಗೆ ನೀಲಿ ಅರವತ್ತು, ಕೆಂಪು ನಲವತ್ತು, ಹಳದಿ ನಲವತ್ತು. ಒಟ್ಟು ಇನ್ನೂರ ನಲವತ್ತು. ಆಮೇಲೆ ಫೋಟೋಗಳು. ಬೆಕ್ಕಿನ ಮೈಯ ಕತ್ತಲೆಯಲ್ಲಿ ನೀಲಿ, ಕೆಂಪು, ಹಳದಿ ಮೂರೂ ಸೇರಿ ಹೊರುತ್ತಿದ್ದ ಭಾರವನ್ನು ಇಳಿಸಿ, ಅದನ್ನು ಕಪ್ಪು ಒಂದಕ್ಕೇ ಹೊರಿಸಬೇಕು. ಮೂರು ಜನ ಮಾಡುವ ಕೆಲಸವನ್ನು ಒಬ್ಬನ ತಲೆಗೆ ಕಟ್ಟುವುದು. ಪ್ರೆಸ್ಸಿನ ಆಡಳಿತವನ್ನು ಐದು ವರ್ಷ ನೋಡಿದವಳಿಗೆ ಅದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನಲ್ಲ. ಡಾಕ್ಟ್ರ ಮೂಲ ಫೋಟೋಗಳನ್ನು ತೆಗೆದುಕೊಂಡು, ಮಿತಿಯನ್ನು ಮುನ್ನೂರಕ್ಕೆ ಕಟ್ಟಿ, ಬಣ್ಣಗಳನ್ನು ಮತ್ತೆ ನಾಲ್ಕು ಶಾಯಿಗೆ ಬೇರ್ಪಡಿಸಿದಳು. ಪರದೆಯ ಮೇಲೆ ಕತ್ತಲೆಯೊಳಗಿಂದ ಒಂದು ಬೆನ್ನು, ಒಂದು ಬಾಲ, ಎಂಟು ಮೀಸೆ ಒಂದೊಂದಾಗಿ ಹೊರಗೆ ಬಂದವು. ಪ್ರತಿ ಪುಟದಲ್ಲೂ ಹತ್ತು ಹತ್ತು ಕಡೆ ಬಾಣ ಇಟ್ಟು ಕೂಡಿದಳು. ಎರಡು ಸಲ ಕೂಡಿದಳು. ನೂರಕ್ಕೆ ಹನ್ನೊಂದು ತೆಗೆದವಳ ಲೆಕ್ಕವನ್ನು ಅವಳೇ ಅಷ್ಟಾಗಿ ನಂಬುತ್ತಿರಲಿಲ್ಲ.

ಸಂಜೆಯೊಳಗೆ ಹೊಸ ಪ್ಲೇಟು ಬಂತು. ಗುರುವಾರ ಪೂರ್ತಿ ಮಾವ ಓಡಿಸಿದ. ಊಟಕ್ಕೂ ಹೋಗಲಿಲ್ಲ. ಬಿದ್ದ ಹಾಳೆಗಳು ಅಟ್ಟಿಯಾಗಿ ಒಣಗಲು ನಿಂತವು. ಬೆರಳಿನಿಂದ ಮುಟ್ಟಿ ನೋಡುತ್ತೇನೆಂದ ಯಜಮಾನರನ್ನು ಅವನು ಕೈ ಅಡ್ಡ ಹಿಡಿದು ತಡೆದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಹೊಸ ಆಪರೇಟರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ತನ್ನದೇ ಮಸೂರ, ಕೈಯಲ್ಲಿ ಡಬ್ಬಿ. ಬೇಡವೆಂದು ಅವನಿಗೆ ತಿಳಿಸುವುದೋ ಬೇಡವೋ ಎಂದು ಯೋಚಿಸುವುದರಲ್ಲೇ ಯಜಮಾನರು ಎರಡು ದಿನ ಕಳೆದಿದ್ದರು. "ಇವರು ಸುಮ್ನೆ, ಹೀಗೇ, ನಮ್ಮ ಮೆಷಿನ್ ನೋಡೋಕೆ ಬಂದಿದಾರೆ" ಎಂದು ಪರಿಚಯಿಸಿದರು. ಮಾವನಿಗೆ ಬಂದವನು ಯಾರೆಂದು ಗೊತ್ತಿತ್ತು. ಬಂದವನಿಗೂ ಮಾವ ಯಾರೆಂದು ಗೊತ್ತಾಯಿತು. ಇಬ್ಬರೂ ಶಾಯಿಯ ಕೈಯವರು, ಬರೀ ತಲೆಯಾಡಿಸಿದರು.

ಮಾವ ಅಟ್ಟಿಯ ಹತ್ತಿರ ಹೋದ. ಪಿಸು ಕಣ್ಣು ಮುಚ್ಚಿದಳು. ಚರ್ ಎನ್ನುವ ಸದ್ದಿಗಾಗಿ ಕಿವಿ ಕಾದಿತ್ತು. ಕೇಳಿಸಿದ್ದು ಬೇರೆ: ಸರ್, ಸರ್, ಸರ್. ಹಾಳೆಗಳು ಒಂದರ ಮೇಲೊಂದು ಜಾರುತ್ತಿದ್ದವು. ಮಾವ ಮೇಲಿನದನ್ನು ತೆಗೆದ, ನಡುವಿನಿಂದ ಒಂದು ತೆಗೆದ, ಎಲ್ಲ ಭಾರ ಹೊತ್ತಿದ್ದ ತಳದ್ದನ್ನೂ ಎಳೆದ. ಬೆನ್ನು ತಿರುಗಿಸಿದ. ಬಿಳಿಯೇ ಬಿಳಿ.

ಹೊಸ ಆಪರೇಟರ್ ಕೇಳದೆಯೇ ಒಂದು ಹಾಳೆ ತೆಗೆದುಕೊಂಡು ಮಸೂರ ಇಟ್ಟ. ಬಹಳ ಹೊತ್ತು ನೋಡಿದ.

"ಇಷ್ಟು ಕಪ್ಪು, ಆದ್ರೂ ಒಂದು ಕಲೆ ಇಲ್ಲ. ಬೆಕ್ಕಿನ ಮೀಸೆ ಎಣಿಸ್ಬಹುದು. ಯಾರ್ರೀ ಫೈಲ್ ಮಾಡಿದ್ದು?"

"ನಾನೇ" ಎಂದ ಆರ್ಟಿಸ್ಟ್.

"ಭಲೇ. ಒಟ್ಟು ಎಷ್ಟಿಟ್ರಿ?"

ಆರ್ಟಿಸ್ಟ್ ಯಜಮಾನರನ್ನು ನೋಡಿದ. ಯಜಮಾನರು ಮಾವನನ್ನು ನೋಡಿದರು. ಮಾವ ಮೆಷಿನ್ನಿನ ಮೇಲೆ ಕೈಯೂರಿ, ನೋಡುವುದಕ್ಕೆ ಬೇರೆ ಏನೂ ಇಲ್ಲವೆಂಬಂತೆ ಪಿಸುವನ್ನೇ ನೋಡಿದ.

"ಹಿನ್ನೆಲೆ ಇನ್ನೂರ ನಲವತ್ತು. ಫೋಟೋ ಮುನ್ನೂರರ ಒಳಗೆ" ಎಂದಳು ಅವಳು.

ಹೊಸ ಆಪರೇಟರ್ ಮಸೂರವನ್ನು ಜೇಬಿಗೆ ಹಾಕಿಕೊಂಡ. "ಅಲ್ಲ ಸಾರ್, ಫೈಲಿಗೆ ಇವಳಿದಾಳೆ, ಮೆಷಿನ್‌ಗೆ ಇವರಿದಾರೆ. ನನ್ನ ಯಾಕೆ ಕರೆಸಿದ್ರಿ? ನನ್ನ ರಜೆ ಹಾಳು." ಹೊರಡುತ್ತ ಅವಳ ಮೇಜಿನ ಹತ್ತಿರ ನಿಂತ. "ನಮ್ಮ ಪ್ರೆಸ್ಸಿಗೆ ಬರ್ತೀಯೇನಮ್ಮ? ಇಂಥವರು ಬೇಕು ನಮ್ಮಲ್ಲಿ."

"ಅವಳು ಬರಲ್ಲ" ಎಂದರು ಮಾವನೂ ಯಜಮಾನರೂ, ಒಂದೇ ಉಸಿರಿಗೆ. ಅವರಿಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಅದೇ ಮೊದಲು. ಅವಳನ್ನು ಕೇಳುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ. ಅವಳು ಮಾತ್ರ ಆ ಪ್ರೆಸ್ಸಿನ ಹೆಸರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡಳು. ಈ ಚೀಟಿಯನ್ನು ಯಾರ ಮೇಜಿನ ಮೇಲೂ ಇಡಲಿಲ್ಲ.

ಯಜಮಾನರು ಅದನ್ನು ಕಂಡರು. ಪ್ಯಾಕಿಂಗಿನ ಮಾತು ತಾವು ಆಡಿಯೇ ಇರಲಿಲ್ಲವೆಂಬಂತೆ ಮಾವನ ಬೆನ್ನು ತಟ್ಟಿ, "ಉಳಿದ ಹಾಳೆ ಶುರು ಮಾಡಯ್ಯಾ, ಯಾಕೆ ನಿಂತಿದೀಯ?" ಎಂದರು. ಇನ್ನು ಮೇಲೆ ಪಿಸು ನೋಡದೆ ಯಾವ ಫೈಲೂ ಪ್ಲೇಟಿಗೆ ಹೋಗಬಾರದೆಂದು ಅಪ್ಪಣೆಯಾಯಿತು. ಮನೆಯಲ್ಲಿ ಹೆಂಡತಿಗೆ ಏನಾದರೂ ಹೇಳಬೇಕಲ್ಲ. ಹುಡುಗಿಗೆ ಬಣ್ಣದ ವಿಷಯ ಹೇಳಿಕೊಡುವ ಜವಾಬ್ದಾರಿಯನ್ನು ಆರ್ಟಿಸ್ಟನಿಗೆ ವಹಿಸಲಾಯಿತು.

ಆರ್ಟಿಸ್ಟ್ ತಿರುಗುವ ಕುರ್ಚಿಯನ್ನು ಉರುಳಿಸಿಕೊಂಡು ಬಂದು ಜೆರಾಕ್ಸ್ ಮೆಷಿನ್ನಿನ ಪಕ್ಕ ಕೂತ. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಗಂಟಲು ಸರಿಮಾಡಿಕೊಂಡ.

"ನೋಡು ಪಿಸು, ಇವತ್ತು ನಿಂಗೆ ಒಟ್ಟು ಶಾಯಿ ಅಂದ್ರೇನು ಅಂತ ಹೇಳ್ಕೊಡ್ತೀನಿ. ಸರಿಯಾಗಿ ಕೇಳಿಸ್ಕೋ. ಮೊದಲನೇದು..." ಎಂದು ಪರದೆಯತ್ತ ಬಗ್ಗಿದ. ಆಚೆ ಮಾವನ ಮೆಷಿನ್ ಶುರುವಾಯಿತು. ಆ ಸದ್ದಿನ ಮರೆಯಲ್ಲಿ ಅವನು ದನಿ ತಗ್ಗಿಸಿದ. "ಮೊದಲನೇದು, ಅದನ್ನ ಎಲ್ಲಿ ನೋಡೋದು?"

ಅವಳು ತೋರಿಸಿದಳು.